ಮೈಯೆಲ್ಲ ಎಚ್ಚರ

ಸಿಂಗಸಂದ್ರದ ಬಳಿ ಹೊಸೂರು ರಸ್ತೆ ದಾಟುವುದೆಂದರೆ ಎಲ್ಲರಿಗೂ ಎದೆ ಡವಗುಟ್ಟುವ ಕೆಲಸ. ಮಹಾನಂದಾ ಮಾತ್ರ ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಅದಕ್ಕಾಗಿ ಅನ್ನುವಂತಿದ್ದಳು.

ಎತ್ತರದ ಟೋಲ್ ರಸ್ತೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಾರುಗಳು ಹೋಗುತ್ತಿದ್ದವು. ಕೆಳಗೆ, ಕಂಬಗಳ ಎರಡೂ ಬದಿಗೆ, ನೀರಿನ ಟ್ಯಾಂಕರು, ಕಂಟೇನರ್ ಲಾರಿ, ಕಂಪನಿ ಬಸ್ಸು ಒಂದರ ಬೆನ್ನಿಗೊಂದು ನುಗ್ಗಿ ಬರುತ್ತಿದ್ದವು. ಕೆಲಸಕ್ಕೆ ಹೋಗುವ ಜನ ಅಂಚಿನಲ್ಲಿ ಗುಂಪುಗೂಡಿ, ಯಾರಾದರೊಬ್ಬ ಗಟ್ಟಿ ಮನುಷ್ಯ ಕೈ ಎತ್ತಿದ ಮೇಲೆ ಅವನ ಹಿಂದೆ ಕುರಿಮಂದೆಯಂತೆ ದಾಟುತ್ತಿದ್ದರು. ಮಹಾನಂದಾ ಆ ಗುಂಪಿಗೆ ಸೇರುತ್ತಿರಲಿಲ್ಲ. ಎಲ್ಲರೂ ಹೋಗಲಿ ಎಂದು ಕಾಯುತ್ತಿದ್ದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಟಿಫಿನ್ ಚೀಲವನ್ನು ಎದೆಗೆ ಅವಚಿಕೊಂಡು, ಎರಡು ಗಾಡಿಗಳ ನಡುವಿನ ಇಕ್ಕಟ್ಟಾದ ಗ್ಯಾಪಿಗೆ ಕಣ್ಣು ನೆಟ್ಟು ನಿಲ್ಲುತ್ತಿದ್ದಳು. ಆಮೇಲೆ ಒಂದೇ ಓಟ. ಹಾರ್ನು, ಬ್ರೇಕಿನ ಕಿರುಚಾಟ, ಡ್ರೈವರನ ಬೈಗುಳ ಎಲ್ಲವೂ ಬೆನ್ನ ಹಿಂದೆ ಉಳಿಯುತ್ತಿದ್ದವು. ಆ ಓಟದಲ್ಲಿ, ಅವಳ ತಲೆಯೊಳಗೆ ಹಗಲೆಲ್ಲ ಒಟ್ಟಿಗೆ ಗದ್ದಲ ಹಾಕುವ ಹತ್ತಾರು ಯೋಚನೆಗಳು ಒಮ್ಮೆಲೇ ಬಾಯಿ ಮುಚ್ಚುತ್ತಿದ್ದವು. ಮೈಯೆಲ್ಲ ಎಚ್ಚರವಾಗುತ್ತಿತ್ತು.

ಆಮೇಲೆ ಬಸ್ಸು ಹತ್ತಿ ಜಿಗಣಿಗೆ ಹೋಗಬೇಕು. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಅವಳ ಕೆಲಸ, ಟ್ಯೂಬ್‌ಲೈಟಿನ ಕೆಳಗೆ ಕೂತು ರಬ್ಬರಿನ ಪುಟ್ಟ ಉಂಗುರಗಳನ್ನು ಒಂದೊಂದಾಗಿ ತಿರುಗಿಸಿ ನೋಡುವುದು. ಬಿರುಕು ಬಿಟ್ಟಿದ್ದು ಕೆಂಪು ಡಬ್ಬಿಗೆ, ಚೆನ್ನಾಗಿದ್ದದ್ದು ಹಸಿರು ಡಬ್ಬಿಗೆ. ಶುರುವಿನಲ್ಲಿ ಅವಳಷ್ಟು ಚುರುಕಾಗಿ ಯಾರೂ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಉಂಗುರದ ಮೇಲೇ ಇರುತ್ತಿತ್ತು, ಮನಸ್ಸು ಮಾತ್ರ ಎಲ್ಲಿಗೋ ಹೊರಟುಹೋಗುತ್ತಿತ್ತು. ಕಾಲು ಕುಣಿಯುತ್ತಿತ್ತು. ಕೆಂಪಿನದು ಹಸಿರಿಗೆ ಬೀಳುತ್ತಿತ್ತು. ಸೂಪರ್‌ವೈಸರ್ ಬಾಲಾಜಿ ಬಂದು, "ಮಹಾನಂದಾ, ಎಲ್ಲಿದ್ದೀರಮ್ಮ? ಲೈನಲ್ಲಿ ಇದ್ದೀರೋ ಊರಲ್ಲಿ ಇದ್ದೀರೋ?" ಎನ್ನುತ್ತಿದ್ದ. ಅಕ್ಕಪಕ್ಕದವರು ನಗುತ್ತಿದ್ದರು. ಅವಳೂ ನಕ್ಕುಬಿಡುತ್ತಿದ್ದಳು. ಹುನಗುಂದದ ಹತ್ತಿರದ ಹಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗಿನಿಂದ ಅವಳು ಕಲಿತ ಉಪಾಯ ಅದೊಂದೇ, ಬೈಸಿಕೊಂಡಾಗ ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಡುವುದು.

ಗಂಡ ಚನಬಸಪ್ಪ ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟಿ ಸೆಂಟ್ರಿಂಗ್ ಹಾಕುವವನು, ಶಾಂತ ಮನುಷ್ಯ. ಒಲೆಯ ಮೇಲೆ ಹಾಲು ಸೀದರೆ ಪಾತ್ರೆ ತಾನೇ ತಿಕ್ಕುತ್ತಿದ್ದ. ಬೀಗದ ಕೈ ಕಳೆದರೆ ಇನ್ನೊಂದು ಮಾಡಿಸಿ ತರುತ್ತಿದ್ದ. ರಸ್ತೆಯ ವಿಷಯ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಅವರು ಬಾಡಿಗೆಗಿದ್ದದ್ದು ಮುನಿಯಕ್ಕನ ವಠಾರದಲ್ಲಿ. ಮುನಿಯಕ್ಕ ಸಿಂಗಸಂದ್ರದವಳೇ. ರಾಗಿ ಹೊಲ ಇದ್ದಲ್ಲಿ ಈಗ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಳು. ಗಂಡ ತೀರಿಕೊಂಡಿದ್ದ, ಮಗಳು ವೇಣಿ ಖಾಸಗಿ ಶಾಲೆಯೊಂದರಲ್ಲಿ ಆಟದ ಟೀಚರು. ಮುನಿಯಕ್ಕನಿಗೆ ಮಹಾನಂದಾಳ ಮೇಲೆ ವಿಶೇಷ ಪ್ರೀತಿ. ಅವಳು ಮಾತು ಶುರು ಮಾಡಿದರೆ ಒಂದು ಮಾತಿನ ಬಾಲ ಹಿಡಿದು ಇನ್ನೊಂದಕ್ಕೆ ಹಾರುವುದನ್ನು ಕೇಳುವುದೇ ಮುನಿಯಕ್ಕನಿಗೆ ಹೊತ್ತು ಕಳೆಯುವ ದಾರಿ.

ಆ ದಿನ ಮುನಿಯಕ್ಕ ಕಣ್ಣು ತೋರಿಸಲು ರಸ್ತೆಯಾಚೆಯ ಆಸ್ಪತ್ರೆಗೆ ಹೊರಟಿದ್ದಳು. ಮಹಾನಂದಾ ಕೆಲಸಕ್ಕೆ ಹೊರಟಿದ್ದು ನೋಡಿ, "ನನ್ನೂ ಒಂಚೂರು ದಾಟ್ಸವ್ವಾ. ಆ ಮೆಟ್ಲು ಸೇತುವೆ ಗಂಟ ನಡ್ಯಾಕೆ ನನ್ ಕೈಲಾಗಾಕಿಲ್ಲ," ಎಂದಳು.

"ಬರ್ರಿ ಅಕ್ಕ, ಅದೇನ್ ದೊಡ್ಡ ಮಾತು," ಎಂದು ಮಹಾನಂದಾ ಅವಳ ಕೈ ಹಿಡಿದಳು.

ನಿಧಾನವಾಗಿ ಹೋಗಬೇಕೆಂದೇ ಅವಳು ಅಂದುಕೊಂಡಿದ್ದಳು. ಅಂಚಿಗೆ ಬಂದು ನಿಂತರು. ಗುಂಪು ಆಗಲೇ ದಾಟಿಹೋಗಿತ್ತು, ಹೊಸ ಗುಂಪು ಇನ್ನೂ ಸೇರಿರಲಿಲ್ಲ. ಗಾಡಿಗಳು ಬರುತ್ತಲೇ ಇದ್ದವು. ಕಾಯಬೇಕಿತ್ತು. ಕಾಯುವುದೆಂದರೆ ಮಹಾನಂದಾಳಿಗೆ ಮೈಮೇಲೆ ಇರುವೆ ಹರಿದ ಹಾಗೆ. ಅವಳ ಹಿಮ್ಮಡಿ ಎದ್ದೆದ್ದು ಇಳಿಯತೊಡಗಿತು. ಒಂದು ಕಂಪನಿ ಬಸ್ಸು ಹೋಯಿತು. ಅದರ ಹಿಂದೆ ಟ್ಯಾಂಕರು ಬರುತ್ತಿತ್ತು. ನಡುವೆ ಗ್ಯಾಪು. ಅವಳೊಬ್ಬಳಿಗೆ ಸಾಕಾಗುವಷ್ಟು ಗ್ಯಾಪು.

ಕೈಯಲ್ಲಿ ಇನ್ನೊಬ್ಬರ ಕೈ ಇದೆ ಎನ್ನುವುದು ನೆನಪಾಗುವ ಮೊದಲೇ ಅವಳು ಓಟ ಕಿತ್ತಿದ್ದಳು.

"ಅಯ್ಯೋ, ತಡಿಯೇ! ತಡಿಯವ್ವಾ!"

ಮುನಿಯಕ್ಕನ ಚಪ್ಪಲಿ ಕಾಲಿಂದ ಜಾರಿತು. ಮಹಾನಂದಾ ಎಳೆದಳು. ಟ್ಯಾಂಕರಿನ ಬ್ರೇಕು ಕಿರುಚಿತು, ಅದರ ತುಂಬಿದ ಹೊಟ್ಟೆಯಿಂದ ನೀರು ಚೆಲ್ಲಿ ರಸ್ತೆಯ ಮೇಲೆ ಹರಿಯಿತು. ಬಂಪರು ಮುನಿಯಕ್ಕನ ಸೆರಗಿಗೆ ತಾಗುವಷ್ಟು ಹತ್ತಿರ ನಿಂತಿತು. ಮುದುಕಿ ಡಿವೈಡರಿನ ಕಲ್ಲಿನ ಮೇಲೆ ಸೊಂಟ ಕೊಟ್ಟು ಬಿದ್ದಳು. ಬಿದ್ದವಳು ಅಳಲಿಲ್ಲ, ಕೂಗಲಿಲ್ಲ. ಕೆಳಗಿನಿಂದ ಮಹಾನಂದಾಳ ಮುಖವನ್ನೇ ನೋಡುತ್ತಿದ್ದಳು.

ಡ್ರೈವರು ಇಳಿದು ಬಂದ. "ಏನಮ್ಮಾ, ಸಾಯೋಕೆ ನನ್ ಗಾಡೀನೇ ಬೇಕಿತ್ತಾ? ಅಜ್ಜೀನ ಎಳ್ಕೊಂಡ್ ಓಡ್ತಾರಾ ಯಾರಾದ್ರೂ?" ಎಂದವನು, ಬೈಯುತ್ತಲೇ ಮುನಿಯಕ್ಕನನ್ನು ಎತ್ತಿ ಆಟೋಗೆ ಹಾಕಲು ಕೈಜೋಡಿಸಿದ.

ತೊಡೆಯ ಮೂಳೆ ಮುರಿದಿತ್ತು. ವೇಣಿ ಶಾಲೆಯಿಂದ ಆಸ್ಪತ್ರೆಗೆ ಓಡೋಡಿ ಬಂದಳು, ಕೊರಳಲ್ಲಿ ವಿಷಲ್ ಹಾಗೇ ನೇತಾಡುತ್ತಿತ್ತು. "ಏನಾಯ್ತ್ರೀ? ಹೇಗ್ ಬಿದ್ರು?"

"ಲಾರಿ ಒಮ್ಮೆಲೇ ಬಂತ್ರಿ," ಎಂದಳು ಮಹಾನಂದಾ. ಮಾತು ತಾನಾಗಿ ಬಂದಿತ್ತು. "ನೋಡ್ತಾ ನೋಡ್ತಾ ಬಂದೇಬಿಡ್ತು."

ಮಂಚದ ಮೇಲಿದ್ದ ಮುನಿಯಕ್ಕ ಕಣ್ಣು ಮುಚ್ಚಿಕೊಂಡೇ, "ಊಂ. ಅಂಗೇ ಆಯ್ತು," ಎಂದಳು.

ಆ ವಾರವೆಲ್ಲ ವೇಣಿ ಎದುರಾದಾಗಲೆಲ್ಲ ಇವತ್ತು ಕೇಳುತ್ತಾಳೆ, ಇವತ್ತು ಗೊತ್ತಾಗುತ್ತದೆ ಎಂದು ಮಹಾನಂದಾ ಕಣ್ಣು ತಪ್ಪಿಸುತ್ತಿದ್ದಳು. ವೇಣಿ ಮಾತ್ರ, "ನೀವಿದ್ರಿ, ಅದಕ್ಕೆ ಅಮ್ಮ ಉಳ್ಕೊಂಡ್ರು," ಎಂದು ಅವಳ ಕೈ ಹಿಡಿದುಕೊಂಡಳು. ಆ ಮಾತು ಕಪಾಳಕ್ಕೆ ಹೊಡೆದಂತಾಯಿತು.

ಆಪರೇಷನ್ ಮುಗಿದ ಮೇಲೆ ಒಂದು ಮಧ್ಯಾಹ್ನ ವಾರ್ಡಿನಲ್ಲಿ ಇಬ್ಬರೇ ಇದ್ದರು. ಮಹಾನಂದಾ ಮೂಸಂಬಿ ಸುಲಿಯುತ್ತಿದ್ದಳು. ಮುನಿಯಕ್ಕ ಮೆಲ್ಲಗೆ ಕೇಳಿದಳು:

"ಒಂದ್ ಮಾತು ಕೇಳ್ತೀನಿ, ನಿಜ ಯೇಳು. ಅವತ್ತು ನೀನು ನಗ್ತಿದ್ದೆ ಕಣವ್ವಾ. ಯಾಕೆ?"

"ಯಾವಾಗ್ರಿ ಅಕ್ಕ?" ಎಂದಳು ಮಹಾನಂದಾ.

"ರೋಡ್ ನಡ್ವೆ. ನನ್ನ ಎಳೀತಿದ್ದೆ, ಲಾರಿ ಮೇಲೇ ಬತ್ತಿತ್ತು. ನೀನು ಜಾತ್ರೆಗ್ ಬಂದಿರೋ ಉಡ್ಗಿ ಅಂಗೆ ನಗ್ತಿದ್ದೆ. ನಂಗೆ ಕಾಲು ನೋವಿಗಿಂತ ಅದೇ ಎದ್ರಿಕೆ ಆಯ್ತು."

"ನನಗ ಗೊತ್ತಿಲ್ರಿ ಅಕ್ಕ," ಎಂದಳು ಮಹಾನಂದಾ. ಈ ಸಲ ನಗು ಸಹಾಯಕ್ಕೆ ಬರಲಿಲ್ಲ. "ಖರೇನ ಗೊತ್ತಿಲ್ಲ. ಓಡೂ ಮುಂದ ನಾ ಬದುಕೇನಿ ಅನಸ್ತೈತ್ರಿ. ಉಳಿದ ಹೊತ್ತು ನಿದ್ದಿಗಣ್ಣಾಗ ಇದ್ದಂಗ."

"ನಂಗ್ ಯೇಳಿದ್ದು ಸಾಲ್ದು. ನಿನ್ ಗಂಡನ್ಗೆ ಯೇಳು. ಡಾಕ್ಟ್ರಿಗೆ ಯೇಳು. ವೇಣಿಗೂ ಯೇಳ್ಬೇಕು, ನೀನೇ," ಎಂದಳು ಮುನಿಯಕ್ಕ.

ಗಂಡನಿಗೆ ಅವತ್ತೇ ಹೇಳಿದಳು. ಚನಬಸಪ್ಪ ಉಣ್ಣುತ್ತಿದ್ದವನು ತಟ್ಟೆ ಸರಿಸಿದ. "ದಿನಾ?" ಎಂದ. ಅವಳು ತಲೆಯಾಡಿಸಿದಳು. "ನಾ ಹದಿನೇಳನೇ ಮಾಳಿಗಿ ಮ್ಯಾಲ ಕಟ್ಟಿಗಿ ಹಿಡದು ನಿಂತಿರ್ತೀನಿ, ಬೆಲ್ಟ್ ಹಾಕ್ಕೋ ಅಂತ ನೀನ ದಿನಾ ಬಡ್ಕೋತಿ. ನೀ ನೋಡಿದ್ರ..." ಕೈ ತೊಳೆಯಲೆಂದು ಹೊರಗೆ ಹೋದವನು ನಲ್ಲಿಯ ಮುಂದೆ ಬಹಳ ಹೊತ್ತು ನಿಂತಿದ್ದ.

ಮುಂದಿನ ವಾರ ಇಬ್ಬರೂ ಡಾಕ್ಟರ ಬಳಿಗೆ ಹೋದರು. ಡಾಕ್ಟರ ಹೆಸರು ನೀಲಾಂಬಿಕಾ, ಮನಸ್ಸಿನ ಕಾಯಿಲೆಗಳ ವೈದ್ಯೆ, ಧಾರವಾಡದ ಕಡೆಯವರು. ತನ್ನ ಊರಿನ ಮಾತು ಕಿವಿಗೆ ಬೀಳುತ್ತಲೇ ಮಹಾನಂದಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಸಾಲ್ಯಾಗ ಹೆಂಗಿದ್ದಿ?"

"ಒಂದ್ ಕಡೆ ಕುಂದ್ರೂದಿಲ್ಲ ಅಂತ ಮಾಸ್ತರು ಹೊರಗ ನಿಂದ್ರಸ್ತಿದ್ರು. ನನಗ ಅದ ಚಲೋ ಅನಸ್ತಿತ್ತು, ಹೊರಗ ನೋಡಾಕ ಏನರ ಇರ್ತಿತ್ತು."

ಡಾಕ್ಟರು ನಕ್ಕರು, ಬರೆದುಕೊಂಡರು, ಮತ್ತೆ ಕೇಳಿದರು. ಎರಡು ಮೂರು ಸಲ ಕರೆಸಿ, ಊರಿನಲ್ಲಿದ್ದ ತಾಯಿಯ ಜೊತೆ ಫೋನಿನಲ್ಲಿ ಮಾತಾಡಿ, ಕೊನೆಗೆ ಇದು ಗಮನ ಒಂದೆಡೆ ನಿಲ್ಲದ, ಮೈ ಸುಮ್ಮನಿರದ ತೊಂದರೆ, ಎಡಿಎಚ್‌ಡಿ ಎಂದರು.

"ಅದು ಸಣ್ಣ ಹುಡುಗೋರಿಗೆ ಬರೂದಲ್ಲೇನ್ರಿ?" ಎಂದ ಚನಬಸಪ್ಪ.

"ಹುಡುಗೋರು ದೊಡ್ಡವರಾಗ್ತಾರಲ್ಲ, ಅವರ ಜೋಡಿ ಅದೂ ಬರ್ತೈತಿ. ಇಕಿ ಸೋಮಾರಿ ಅಲ್ಲ, ಹುಂಬಳೂ ಅಲ್ಲ. ಇಕಿ ಮೆದುಳಿಗೆ ಹಸಿವು ಜಾಸ್ತಿ. ಬ್ಯಾರೆಯವರಿಗೆ ಸಪ್ಪನ ಊಟ ಸಾಕಾಗ್ತೈತಿ, ಇಕಿಗೆ ಖಾರ ಬೇಕು." ಅವರು ಮಹಾನಂದಾಳ ಕಡೆಗೆ ತಿರುಗಿದರು. "ಹಸಿವಾತಂತ ನಿನ್ನ ನೀ ಬೈಕೋಬ್ಯಾಡ. ಆದ್ರ ವಿಷ ತಿನಬ್ಯಾಡ. ರೋಡು ವಿಷ. ಗುಳಿಗಿ ಕೊಡ್ತೀನಿ, ಅದು ಅರ್ಧ ಕೆಲಸ ಮಾಡ್ತೈತಿ. ಉಳಿದ ಅರ್ಧಕ್ಕ ಮೈಗೂ ಮನಸಿಗೂ ಖಾರ ಇರೂವಂಥಾದ್ದು ಏನರ ಹುಡುಕು. ಒಂದಲ್ಲ, ನಾಕಾರು ಇಟ್ಕೋ. ಒಂದು ಹಳಸಿದ್ರ ಇನ್ನೊಂದು."

ಹುಡುಕುವುದು ಹೇಳಿದಷ್ಟು ಸುಲಭವಿರಲಿಲ್ಲ. ತಾಯಿ ಹಾಕುತ್ತಿದ್ದ ಕಸೂತಿ ನೆನಪಾಗಿ ಬಟ್ಟೆ, ದಾರ ತಂದಳು. ಗೋಪುರದ ಚಿತ್ತಾರ ಅರ್ಧ ಹಾಕುವಷ್ಟರಲ್ಲಿ ಸೂಜಿಯ ಸಮೇತ ಮಂಚದ ಮೇಲೆ ಎಸೆದಳು. ಅಲ್ಲೇ ಕೂತ ಚನಬಸಪ್ಪನಿಗೆ ಸೂಜಿ ಚುಚ್ಚಿದಾಗ ಇಬ್ಬರೂ ನಕ್ಕರು, ಎಷ್ಟೋ ದಿನಗಳ ಮೇಲೆ. ಬೇರೆ ಕೆಲವು ಉಪಾಯ ನಡೆದವು. ಬೆಳಿಗ್ಗೆ ರಸ್ತೆಗಿಳಿಯದೆ, ದೂರದ ಮೆಟ್ಟಿಲು ಸೇತುವೆಯ ತನಕ ಓಡತೊಡಗಿದಳು, ಮೆಟ್ಟಿಲನ್ನು ಒಂದು ಬಿಟ್ಟು ಒಂದು ಹತ್ತಿದಳು. ಉಂಗುರ ನೋಡುವಾಗ ಬಾಯಲ್ಲಿ ಲವಂಗ ಇಟ್ಟುಕೊಂಡಳು. ನಾಲಿಗೆ ಉರಿಯುವ ತನಕ ಕಣ್ಣು ಉಂಗುರದ ಮೇಲೇ ಇರುತ್ತಿತ್ತು. ಒಂದು ಹಿಡಿ ಉಂಗುರವನ್ನು ಹಾಡು ಗುನುಗುತ್ತ, ಮುಂದಿನ ಹಿಡಿಯನ್ನು ನಿಂತುಕೊಂಡು, ಅದರ ಮುಂದಿನದನ್ನು ಪಕ್ಕದವಳ ಜೊತೆ ಪಂದ್ಯ ಕಟ್ಟಿ ನೋಡುತ್ತಿದ್ದಳು. ಗಂಟೆಗೊಮ್ಮೆ ಜಾಗ ಬದಲಿಸಿ ಕೊಡಿ ಎಂದು ಬಾಲಾಜಿಯನ್ನು ಕೇಳಿದಾಗ, "ಇದೇನು ಮ್ಯೂಸಿಕಲ್ ಚೇರಾ?" ಎಂದು ಹೋಗಿಬಿಟ್ಟ.

ವೇಣಿಗೆ ಹೇಳುವುದು ಬಾಕಿಯಿತ್ತು. ಮುನಿಯಕ್ಕ ಮನೆಗೆ ಬಂದು ವಾಕರ್ ಹಿಡಿದು ನಡೆಯತೊಡಗಿದ ಮೇಲೆ, ಒಂದು ಭಾನುವಾರ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ವೇಣಿಯ ಮುಂದೆ ಮಹಾನಂದಾ ನಿಂತಳು. "ಲಾರಿ ಒಮ್ಮೆಲೇ ಬರಲಿಲ್ರಿ. ಅದು ಬರೂದು ನಾ ನೋಡಿದ್ದೆ. ನೋಡೇ ಓಡಿದೆ," ಎಂದು ಎಲ್ಲವನ್ನೂ ಹೇಳಿದಳು.

ವೇಣಿ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಬಕೆಟ್ಟಿಗೆ ಹಾಕಿದಳು. "ನಿಮ್ ಮಜಾಕ್ಕೆ ನಮ್ಮಮ್ಮನ್ ಕಾಲು?" ಎಂದಳು. "ಥ್ಯಾಂಕ್ಸ್ ಬೇರೆ ಹೇಳಿದ್ನಲ್ರೀ ನಿಮಗೆ! ಹೋಗಿ. ನನ್ ಕಣ್ಮುಂದೆ ಇರ್ಬೇಡಿ."

ಮನೆ ಖಾಲಿ ಮಾಡಬೇಕಾಗುತ್ತದೆ ಎಂದೇ ಗಂಡಹೆಂಡತಿ ಸಾಮಾನು ಕಟ್ಟುವ ಮಾತಾಡಿದರು. ಯಾರೂ ಖಾಲಿ ಮಾಡಿ ಅನ್ನಲಿಲ್ಲ. ವೇಣಿ ಅವಳನ್ನು ಕಂಡರೂ ಕಾಣದಂತೆ ಓಡಾಡಿದಳು. ಹೀಗೆ ಹೆಚ್ಚುಕಡಿಮೆ ಒಂದು ತಿಂಗಳು ಕಳೆಯಿತು.

ವೇಣಿ ಭಾನುವಾರ ಸಂಜೆ ಸರ್ಕಾರಿ ಶಾಲೆಯ ಮೈದಾನದಲ್ಲಿ ಹೆಂಗಸರ ಖೋ ಖೋ ತಂಡ ಆಡಿಸುತ್ತಿದ್ದಳು. ಗಾರ್ಮೆಂಟ್ಸಿನವರು, ಮನೆಗೆಲಸದವರು, ಒಬ್ಬಿಬ್ಬರು ಕಾಲೇಜಿನವರು ಬರುತ್ತಿದ್ದರು. ಒಂದು ಸಂಜೆ ಅವಳು ಮಹಾನಂದಾಳ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಗೋಡೆಯ ಕಡೆ ನೋಡುತ್ತ ಹೇಳಿದಳು: "ಒಬ್ರು ಕಮ್ಮಿ ಇದ್ದಾರೆ. ಅಮ್ಮ ಕಳ್ಸಿದ್ರು, ಅದಕ್ಕೆ ಬಂದೆ. ಓಡೋ ಚಟ ಇದ್ಯಲ್ಲ, ಬಂದು ಅಲ್ಲಿ ಓಡಿ."

ಮಹಾನಂದಾ ಖೋ ಖೋ ಆಡಿದ್ದು ಮದುವೆಗೆ ಮುಂಚೆ. ಮೊದಲ ಸಲ ಮೈದಾನಕ್ಕಿಳಿದಾಗ ಉಸಿರು ಸಾಲಲಿಲ್ಲ, ಬೇಗನೆ ಔಟಾದಳು. ಎರಡನೇ ಸಲ ಇಳಿದಾಗ ಏನೋ ಆಯಿತು. ಸಾಲಾಗಿ ಕುಕ್ಕರುಗಾಲಲ್ಲಿ ಕೂತ ಎದುರಾಳಿಗಳು, ಅವರ ನಡುವೆ ಗ್ಯಾಪು. ಹಿಂದೆ ಅಟ್ಟಿಬರುವವಳ ಹೆಜ್ಜೆ ಸದ್ದು. ಯಾವ ಬೆನ್ನಿನ ಮೇಲೆ ಯಾವಾಗ ಕೈ ಬಿದ್ದು 'ಖೋ' ಎಂದು ಕೂಗು ಏಳುತ್ತದೋ, ಯಾವ ಕಡೆಯಿಂದ ಹೊಸಬಳು ಮೇಲೆ ನೆಗೆಯುತ್ತಾಳೋ ಗೊತ್ತಿಲ್ಲ. ಅವಳು ಬಳುಕಿದಳು, ತಪ್ಪಿಸಿದಳು, ಕಂಬ ಸುತ್ತಿ ತಿರುಗಿದಳು. ತಲೆಯೊಳಗಿನ ಗದ್ದಲ ಬಾಯಿ ಮುಚ್ಚಿತು. ಕೊನೆಗೆ ಕೈಗೆ ಸಿಕ್ಕಿಬಿದ್ದು ಮಣ್ಣಿನ ಮೇಲೆ ಉರುಳಿದಾಗ ಮೊಣಕೈ ತರಚಿತ್ತು. ಅಷ್ಟೇ. ಯಾರೂ ಸಾಯಲಿಲ್ಲ. ಅವಳು ಮಲಗಿದಲ್ಲೇ ಮುಖಕ್ಕೆ ದುಪಟ್ಟಾ ಒತ್ತಿಕೊಂಡು ಅತ್ತಳು. ವೇಣಿ ದೂರದಿಂದ ನೋಡಿ, "ಅಳೋದಿದ್ರೆ ಗೆರೆ ಆಚೆ," ಎಂದು ವಿಷಲ್ ಊದಿದಳು.

ಆಮೇಲೆ ಮಳೆ ಶುರುವಾಯಿತು. ಮೈದಾನ ಕೆರೆಯಾಯಿತು, ಆಟ ನಿಂತಿತು. ಚನಬಸಪ್ಪ ಕೆಲಸದ ಮೇಲೆ ಹೊಸೂರಿಗೆ ಹೋಗಿ ಅಲ್ಲೇ ಉಳಿದ. ಬಾಯಲ್ಲಿನ ಲವಂಗ ಸಪ್ಪೆಯಾಯಿತು. ಕಾರ್ಖಾನೆಯಿಂದ ಕಳಿಸಿದ ಮಾಲು ವಾಪಸ್ ಬಂದಿತ್ತು, ಅದರಲ್ಲಿ ಅವಳು ನೋಡಿದ ಡಬ್ಬಿಗಳೂ ಇದ್ದವು. ಬಾಲಾಜಿ ಎಲ್ಲರೆದುರು, "ನಿಮ್ಮಿಂದ ಇಡೀ ಲೈನಿಗೆ ಕೆಟ್ಟ ಹೆಸ್ರು. ನಾಳೆಯಿಂದ ಎದ್ದೇಳೋ ಹಾಗಿಲ್ಲ, ಒಂದೇ ಕಡೆ ಕೂತು ನೋಡಿ," ಎಂದ. ಅವಳು ನಗಲು ನೋಡಿದಳು, ಆಗಲಿಲ್ಲ.

ಸಂಜೆ ಬಸ್ಸು ಅವಳನ್ನು ಮನೆಯ ಕಡೆಯ ಬದಿಯಲ್ಲೇ ಇಳಿಸಿತು. ಸಂಜೆ ರಸ್ತೆ ದಾಟುವ ಅಗತ್ಯವೇ ಇರಲಿಲ್ಲ. ಬೆನ್ನು ತಿರುಗಿಸಿ ಗಲ್ಲಿ ಹಿಡಿದರೆ ಮನೆ. ಆದರೆ ಅವಳು ನಿಂತಿದ್ದಳು. ಮಳೆ ಹನಿಯುತ್ತಿತ್ತು. ಹೆಡ್‌ಲೈಟುಗಳು ನೀರಿನ ಮೇಲೆ ಹರಿದು ಬರುತ್ತಿದ್ದವು. ಸುಮ್ಮನೆ ಆಚೆ ಹೋಗಿ ಈಚೆ ಬರುವುದು, ಒಂದೇ ಸಲ. ಯಾರ ಕೈಯೂ ಇಲ್ಲ ಕೈಯಲ್ಲಿ. ಯಾರಿಗೂ ಗೊತ್ತಾಗುವುದಿಲ್ಲ. ಹಿಮ್ಮಡಿ ಎದ್ದಿತು. ಕೈ ತಾನಾಗಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿಯುತ್ತಿತ್ತು.

ಇನ್ನೊಂದು ಕೈಯಲ್ಲಿ ಫೋನಿತ್ತು. ಗಂಡನ ನಂಬರು ಸಿಗಲಿಲ್ಲ. ಯಾಕೆಂದು ಅವಳಿಗೇ ತಿಳಿಯದಂತೆ, ಆಮೇಲೆ ವೇಣಿಯ ನಂಬರು ಒತ್ತಿದಳು.

"ಏನು?" ಎಂದಳು ವೇಣಿ, ಬಿಗಿಯಾಗಿ.

"ರೋಡಿನ ಮುಂದ ನಿಂತೇನ್ರಿ."

ಆ ಕಡೆ ಬಾಗಿಲು ಬಡಿದ ಸದ್ದು, ಓಡುವ ಉಸಿರು. "ಅಲ್ಲೇ ನಿಂತ್ಕೋ. ಫೋನ್ ಕಟ್ ಮಾಡ್ಬೇಡ. ಮಾತಾಡ್ತಾ ಇರು. ಏನ್ ಕಾಣ್ತಿದೆ?"

"ಟ್ಯಾಂಕರ್ ಬರಾಕತ್ತೈತಿ. ಅದರ ಹಿಂದ ಗ್ಯಾಪ್ ಐತಿ."

"ಗ್ಯಾಪ್ ನೋಡ್ಬೇಡ. ತಿರುಗು. ರೋಡಿಗೆ ಬೆನ್ನು ಹಾಕು."

"ಸದ್ದು ಕೇಳ್ತೈತ್ರಿ."

"ಕೇಳ್ಲಿ. ತಿರುಗೇ ಅಂದೆ!"

ಕುತ್ತಿಗೆ ಕಬ್ಬಿಣದಂತಾಗಿತ್ತು. ಅವಳು ಹಲ್ಲು ಕಚ್ಚಿ ತಿರುಗಿದಳು. ಕಾಲುಗಳು ಇನ್ನೂ ಹಿಂದಕ್ಕೇ ಎಳೆಯುತ್ತಿದ್ದವು. ಎದುರಿಗೆ ಮೆಡಿಕಲ್ ಶಾಪಿನ ಬೋರ್ಡು, ಅದರ ಕೆಳಗೆ ನಿಂತ ನಾಯಿ. "ನಾಯಿ ಐತಿ," ಎಂದಳು. "ಯಾವ ಬಣ್ಣ?" "ಕಂದು. ಒಂದ್ ಕಿವಿ ಹರದೈತಿ." "ಇನ್ನೇನಿದೆ?" "ಇನ್ನೇನಿಲ್ರಿ... ಮಳಿ." ಬೆನ್ನ ಹಿಂದೆ ಲಾರಿಯೊಂದು ಹೋದ ಗಾಳಿಗೆ ಅವಳ ಬಟ್ಟೆ ಹಾರಿತು. ಅವಳು ಕಣ್ಣು ಮುಚ್ಚಿಕೊಂಡಳು.

ಯಾರೋ ಪಕ್ಕದಿಂದ ಓಡಿಬಂದು ಅವಳ ಬೆನ್ನಿಗೆ ಪಟ್ಟನೆ ಹೊಡೆದರು.

"ಖೋ!"

ಕಣ್ಣು ಬಿಟ್ಟಾಗ ವೇಣಿ, ಬರಿಗಾಲಲ್ಲಿ, ಆಗಲೇ ಗಲ್ಲಿಯೊಳಕ್ಕೆ ಓಡುತ್ತಿದ್ದಳು. "ಬಾರೇ! ಹಿಡಿ ನೋಡೋಣ!"

ಮಹಾನಂದಾಳ ಕಾಲುಗಳಿಗೆ ಮತ್ತೆ ಹೇಳಬೇಕಾಗಲಿಲ್ಲ. ತರಕಾರಿ ಗಾಡಿ ಸುತ್ತಿ, ಚರಂಡಿ ಹಾರಿ, ನೀರು ಸಿಡಿಸಿಕೊಂಡು ಓಡಿದಳು. ಜನ ಬಾಗಿಲಿಗೆ ಬಂದು ನೋಡಿದರು. ವೇಣಿ ವಠಾರದ ಮೆಟ್ಟಿಲು ಹತ್ತಿದಳು, ಇವಳೂ ಹತ್ತಿದಳು. ತಾರಸಿಯ ಮೇಲೆ ನೀರಿನ ಟ್ಯಾಂಕಿಯನ್ನು ಸುತ್ತಿ ಸುತ್ತಿ, ಕೊನೆಗೆ ವೇಣಿಯ ಜಡೆ ಕೈಗೆ ಸಿಕ್ಕಿತು. ಇಬ್ಬರೂ ಟ್ಯಾಂಕಿಗೆ ಒರಗಿ ಕುಸಿದು ಕೂತರು. ಮಾತಾಡಲು ಉಸಿರಿರಲಿಲ್ಲ.

"ನನ್ ಕೋಪ ಹೋಗಿಲ್ಲ," ಎಂದಳು ವೇಣಿ, ಜಡೆ ಬಿಡಿಸಿಕೊಳ್ಳುತ್ತ.

"ಹೌದ್ರಿ."

"ಮಳೆ ನಿಲ್ಲೋವರ್ಗೂ ಸಂಜೆ ಇಲ್ಲಿಗ್ ಬಾ. ಸ್ಕಿಪ್ಪಿಂಗ್ ಹಗ್ಗ ತರ್ತೀನಿ."

ಮರುದಿನ ಚನಬಸಪ್ಪ ಹೊಸೂರಿನಿಂದ ಬಂದು ಎಲ್ಲ ಕೇಳಿದ. ಡಾಕ್ಟರ ಹತ್ತಿರ ಹೋಗಿ ಕಾಗದ ಬರೆಸಿಕೊಂಡು, ಹೆಂಡತಿಯ ಜೊತೆ ತಾನೇ ಕಾರ್ಖಾನೆಗೆ ಹೋದ. ಬಾಲಾಜಿ ಮೊದಲು ಮುಖ ಸಿಂಡರಿಸಿದ. ಆಮೇಲೆ, "ಶುರೂಲಿ ಇವರಷ್ಟು ಚೆನ್ನಾಗ್ ಯಾರೂ ನೋಡಲ್ಲ, ಅದಂತೂ ನಿಜ," ಎಂದು ಗೊಣಗಿ, ಸ್ವಲ್ಪ ಹೊತ್ತು ಉಂಗುರ ನೋಡಿಸಿ, ಸ್ವಲ್ಪ ಹೊತ್ತು ಪ್ಯಾಕಿಂಗಿಗೆ, ಸ್ವಲ್ಪ ಹೊತ್ತು ಯಂತ್ರದ ಅಚ್ಚು ಬದಲಿಸುವವರ ಜೊತೆ ಕಳಿಸಿ ನೋಡೋಣ ಎಂದ. ಅಚ್ಚು ಬದಲಿಸುವ ಕೆಲಸ ಅವಳಿಗೆ ಹಿಡಿಸಿತು. ಬಿಸಿ, ಭಾರ, ಆತುರ, ಪ್ರತಿಸಲವೂ ಬೇರೆ ಅಚ್ಚು. ತಪ್ಪುಗಳು ನಿಲ್ಲಲಿಲ್ಲ, ಕಡಿಮೆಯಾದವು.

ಮಳೆಗಾಲ ಮುಗಿದು ಆಟ ಮತ್ತೆ ಶುರುವಾಯಿತು. ಬೇಸಿಗೆಯ ಹೊತ್ತಿಗೆ ಮಹಾನಂದಾ ಡಾಕ್ಟರ ಮುಂದೆ ತಲೆ ತಗ್ಗಿಸಿ ಕೂತು, "ಖೋ ಖೋನೂ ಈಗೀಗ ಬ್ಯಾಸರಾಗಾಕತ್ತೈತ್ರಿ. ನಾ ಸುಧಾರಸೂದಿಲ್ಲೇನ್ರಿ?" ಎಂದಳು.

"ಒಂದು ಹಳಸಿದ್ರ ಇನ್ನೊಂದು ಅಂದಿದ್ದೆ ಅಲ್ಲ?" ಎಂದರು ನೀಲಾಂಬಿಕಾ. "ಆಟ ಬಿಡಬ್ಯಾಡ. ಅದರ ಜೋಡಿಗೆ ಹೊಸಾದೊಂದು ಹುಡುಕು."

ಸಿಂಗಸಂದ್ರದ ಹಳೇ ಕೇರಿಯಲ್ಲಿ ಪಾಪಯ್ಯ ಎಂಬ ಮುದುಕ ಶನಿವಾರ ಸಂಜೆ ತಮಟೆ ಕಲಿಸುತ್ತಿದ್ದ. ಹೆಂಗಸೊಬ್ಬಳು ಕಲಿಯಲು ಬಂದಿದ್ದು ನೋಡಿ ಅವನಿಗೆ ಆಶ್ಚರ್ಯವಾಯಿತು, ಆದರೂ ಬೇಡವೆನ್ನಲಿಲ್ಲ. ಒಣಹುಲ್ಲು ಉರಿಸಿ ಚರ್ಮ ಕಾಯಿಸುವುದರಿಂದ ಶುರು ಮಾಡಿಸಿದ. ಮೊದಲ ಪೆಟ್ಟು ಎದೆಗೂಡಿನಲ್ಲೇ ಮೊಳಗಿದಂತಾಗಿ ಮಹಾನಂದಾ ಬೆಚ್ಚಿದಳು, ಆಮೇಲೆ ಇನ್ನೊಂದು ಹೊಡೆದಳು.

ಒಂದು ಭಾನುವಾರ ಅವಳು ವಠಾರದ ಅಂಗಳದಲ್ಲೇ ಅಭ್ಯಾಸಕ್ಕೆ ನಿಂತಳು. ಚನಬಸಪ್ಪ ಕಿವಿಗೆ ಟವೆಲು ಸುತ್ತಿಕೊಂಡು ಹೊಸ್ತಿಲ ಮೇಲೆ ಕೂತ. ವೇಣಿ ತಾರಸಿಯಿಂದ ಇಣುಕಿ, "ಭಾನುವಾರ ಆದ್ರೂ ಮಲಗೋಕ್ ಬಿಡಲ್ವಾ?" ಎಂದಳು. ಮುನಿಯಕ್ಕ ಕೋಲೂರಿಕೊಂಡು ಹೊರಗೆ ಬಂದಳು. ವಠಾರದ ಮನೆಯವರೆಲ್ಲ ಅವಳು ನಿಲ್ಲಿಸು ಅನ್ನುತ್ತಾಳೆ ಎಂದು ಕಾದರು.

ಮುನಿಯಕ್ಕ ಕಟ್ಟೆಯ ಮೇಲೆ ನಿಧಾನವಾಗಿ ಕೂತು, ಕೋಲನ್ನು ಪಕ್ಕಕ್ಕಿಟ್ಟು, ತಲೆಯಾಡಿಸುತ್ತ ಕೇಳಿದಳು. ಆಮೇಲೆ ಮುಖ ಕಿವುಚಿದಳು.

"ನಡ್ವೆ ಒಂದ್ ಏಟು ನುಂಗ್ದೆ ಕಣವ್ವಾ. ಮೊದಲ್ನಿಂದ ಬಾರ್ಸು."